ಸುಳ್ಳು ಕುಸ್ತಿ, ನಿಜವಾದ ಏಟು

ನಾನು ಮೇಷ್ಟರಾಗಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ. ಮೊನ್ನೆ ಪಾಲಕರ ಸಭೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ತಾಯಿ ಮಾತ್ರ ಬಾಗಿಲ ಹತ್ತಿರ ನಿಂತಿದ್ದರು. ಬೆನ್ನ ಹಿಂದೆ ಎಂಟನೆಯ ತರಗತಿಯ ಮಗ.

"ಸರ್, ಇವನಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳ್ರಿ. ಮಂಗಳವಾರ ಬಂತಂದ್ರೆ ಮೊಬೈಲ್ ಕೆಳಗಿಡಂಗಿಲ್ಲ. ಅದೇನೋ ಕುಸ್ತಿಯಂತೆ. ಅದೆಲ್ಲಾ ಸುಳ್ಳು ಕಣೋ ಅಂದ್ರೆ ನನ್ನ ಮ್ಯಾಲೇ ಸಿಟ್ಟು ಮಾಡ್ತಾನ" ಎಂದರು.

"ಹೇಳ್ತೀನಿ ತಾಯಿ, ನೀವು ಹೋಗಿ ಬರ್ರಿ" ಎಂದು ಗಂಭೀರವಾಗಿ ತಲೆಯಾಡಿಸಿದೆ. ಆದರೆ ಓದುಗರಲ್ಲಿ ಮುಚ್ಚುಮರೆ ಏಕೆ? ಆ ದಿನವೂ ಮಂಗಳವಾರವೇ. ಆ ಹುಡುಗ ನೋಡಿದ ಕುಸ್ತಿಯನ್ನೇ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ನಾನೂ ಅರ್ಧ ಗಂಟೆ ನೋಡಿ ಬಂದಿದ್ದೆ. ಬುದ್ಧಿ ಹೇಳುವವನಿಗೇ ಆ ಚಟ ಅಂಟಿ ಮೂವತ್ತು ವರ್ಷ ಕಳೆದಿದೆ!

ಈ ಕಾರ್ಯಕ್ರಮದ ಹೆಸರು 'ರಾ'. 1993ರ ಜನವರಿ 11ರಂದು ನ್ಯೂಯಾರ್ಕಿನಲ್ಲಿ ಶುರುವಾಯಿತು. ಅಮೆರಿಕದಲ್ಲಿ ಸೋಮವಾರ ರಾತ್ರಿ ನಡೆಯುವುದು ನಮಗೆ ಮಂಗಳವಾರ ಬೆಳಗಿನ ಜಾವ. ಆಗ ಸಂಸ್ಥೆಯ ಹೆಸರು ಡಬ್ಲ್ಯುಡಬ್ಲ್ಯುಎಫ್. ವನ್ಯಜೀವಿ ನಿಧಿಯವರು ಅದೇ ಮೂರು ಅಕ್ಷರಕ್ಕಾಗಿ ಕೋರ್ಟಿಗೆ ಹೋಗಿ ಗೆದ್ದದ್ದರಿಂದ 2002ರಲ್ಲಿ ಅದು ಡಬ್ಲ್ಯುಡಬ್ಲ್ಯುಇ ಆಯಿತು. ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೇ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತಲ್ಲ, ಹಾಗೆ ಈ ಕಾರ್ಯಕ್ರಮವೂ ಒಂದು ಚಾನೆಲಿನಿಂದ ಇನ್ನೊಂದಕ್ಕೆ ಅಲೆಯಿತು. 2002ರಿಂದ ಟೆನ್ ಸ್ಪೋರ್ಟ್ಸ್, ಆಮೇಲೆ ಸೋನಿ, 2025ರ ಏಪ್ರಿಲಿನಿಂದ ನೆಟ್‌ಫ್ಲಿಕ್ಸ್. ಊರು ಬದಲಾಗಲಿಲ್ಲ, ನೋಡುವ ಹುಡುಗರೂ ಬದಲಾಗಲಿಲ್ಲ.

1995ರ ಮಾತು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಕೇಬಲ್ ಇದ್ದದ್ದು ಒಂದೇ ಮನೆಯಲ್ಲಿ. ಕುಸ್ತಿ ಬರುವ ದಿನ ಹದಿನೈದು ಹುಡುಗರು ಮಂಡಕ್ಕಿಯ ಪೊಟ್ಟಣ ಹಿಡಿದು ಅಲ್ಲಿ ಹಾಜರು. ಒಬ್ಬ ಕುರ್ಚಿ ಎತ್ತಿ ಇನ್ನೊಬ್ಬನ ಬೆನ್ನಿಗೆ ಬಾರಿಸಬೇಕು, ಸರಿಯಾಗಿ ಆಗಲೇ ಕರೆಂಟು ಹೋಗಬೇಕು! ಮರುದಿನ ಶಾಲೆಯಲ್ಲಿ ಕುಸ್ತಿಗಾರರ ಟ್ರಂಪ್ ಕಾರ್ಡಿನ ಆಟ. ಎತ್ತರ, ತೂಕ, ಎದೆಯ ಸುತ್ತಳತೆ, ಎಲ್ಲ ಬಾಯಿಪಾಠ. ಮಗ್ಗಿ ಒಪ್ಪಿಸಲು ತಡವರಿಸುತ್ತಿದ್ದವರೂ ಅಂಡರ್‌ಟೇಕರ್‌ನ ತೂಕವನ್ನು ಪೌಂಡಿನ ಲೆಕ್ಕದಲ್ಲಿ ಥಟ್ಟನೆ ಹೇಳುತ್ತಿದ್ದರು.

ಅಂಡರ್‌ಟೇಕರ್ ಎಂದರೆ ನಮಗೆಲ್ಲ ಪ್ರಾಣ. 1994ರ ಜನವರಿಯ ಪಂದ್ಯದಲ್ಲಿ ಯೊಕೊಜುನಾ ಎಂಬ ಗುಡ್ಡದಂಥ ಆಸಾಮಿ, ಹತ್ತು ಜನರ ಸಹಾಯದಿಂದ ಅವನನ್ನು ಶವಪೆಟ್ಟಿಗೆಗೆ ತಳ್ಳಿ ಮುಚ್ಚಿದ. ಆಗಸ್ಟಿನಲ್ಲಿ ಅವನು ಮತ್ತೆ ಎದ್ದು ಬಂದ. ಆ ಕಥೆಯನ್ನು ನಾವು ಒಬ್ಬರಿಗೊಬ್ಬರು ಎಷ್ಟು ಸಲ ಹೇಳಿಕೊಂಡೆವೋ, ಹೇಳಿದಷ್ಟೂ ಅದು ನಿಜವಾಗುತ್ತ ಹೋಯಿತು.

ಆ ಬೇಸಿಗೆಯಲ್ಲಿ ಹೂವಿನಹಡಗಲಿಯಿಂದ ಕಾಲೇಜು ಓದುವ ನೆಂಟರ ಹುಡುಗನೊಬ್ಬ ಬಂದ. ನಮ್ಮ ಚರ್ಚೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಅದೆಲ್ಲಾ ಸುಳ್ಳಲೇ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿರ್ತಾರ. ಯಾರಿಗೂ ಏನೂ ಆಗಂಗಿಲ್ಲ" ಎಂದ.

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. 1989ರಲ್ಲಿಯೇ ಆ ಸಂಸ್ಥೆಯವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾವಾಗಿಯೇ ಹೇಳಿಕೊಂಡಿದ್ದರು. ಕ್ರೀಡಾ ಆಯೋಗದ ನಿಯಂತ್ರಣದಿಂದ ಹೊರಗೆ ಉಳಿಯುವುದು ಅವರಿಗೆ ಬೇಕಿತ್ತು. ಆ ಗುಟ್ಟು ನಮ್ಮ ಓಣಿಗೆ ತಲುಪಲು ಆರು ವರ್ಷ ಹಿಡಿಯಿತು ಅಷ್ಟೆ. ಆದರೆ ಅವನ ಕೊನೆಯ ಮಾತು, 'ಯಾರಿಗೂ ಏನೂ ಆಗಂಗಿಲ್ಲ' ಎಂಬುದು, ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನಾಲ್ಕು ದಿನದ ನಂತರ ಕುಡ್ಲಿಗಿ ತಾಲ್ಲೂಕಿನ ನಮ್ಮ ತಾಯಿಯ ಊರಿಗೆ ಹೋಗಿದ್ದೆವು. ಹಿತ್ತಲಲ್ಲಿ ಸೊಪ್ಪೆಯ ಬಣವೆ. ನನ್ನ ತಮ್ಮನಿಗೆ ಆಗ ಏಳು ವರ್ಷ. ಸ್ವಲ್ಪ ಗುಂಡುಗುಂಡಗೆ ಇದ್ದದ್ದರಿಂದ ಅವನೇ ಯೊಕೊಜುನಾ. "ನೀನು ಕೆಳಗೆ ಅಂಗಾತ ಮಲಗು. ನಾನು ಮೇಲಿಂದ ಜಿಗಿದು ಮೊಳಕೈ ಹಾಕ್ತೀನಿ. ಹೆದರಬ್ಯಾಡ, ಏನೂ ಆಗಂಗಿಲ್ಲ, ಎಲ್ಲಾ ಸುಳ್ಳು" ಎಂದೆ. ಅಣ್ಣನ ಮಾತು ನಂಬಿ ಅವನು ಕಣ್ಣು ಮುಚ್ಚಿ ಮಲಗಿದ. ನಾನು ಬಣವೆ ಹತ್ತಿ ಜಿಗಿದೆ.

ಕೊರಳಿನಿಂದ ಭುಜಕ್ಕೆ ಹೋಗುವ ಎಲುಬು ಮುರಿದಿತ್ತು. ಅವನು ಜೋರಾಗಿ ಅಳಲೂ ಇಲ್ಲ. ನನ್ನನ್ನೇ ನೋಡುತ್ತ, "ಸುಳ್ಳು ಅಂದಿದ್ದೆಲ್ಲೋ ಅಣ್ಣಾ" ಎಂದ. ಮೂವತ್ತು ವರ್ಷವಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಅಪ್ಪ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ನಾನು ದನದ ಕೊಟ್ಟಿಗೆಯಲ್ಲಿ ಅಡಗಿ ಕೂತೆ. ಸಂಜೆ ಹುಡುಕಿಕೊಂಡು ಬಂದವನು ಅಜ್ಜ. ಹೊಡೆಯುತ್ತಾನೆ ಎಂದುಕೊಂಡೆ. ಅಜ್ಜ ಅಂಗಿಯ ಗುಂಡಿ ಬಿಚ್ಚಿ ಎಡ ಪಕ್ಕೆ ತೋರಿಸಿದ. ಅಲ್ಲಿ ಗೇಣುದ್ದದ ಹಳೆಯ ಗಾಯದ ಗುರುತು.

ಅಜ್ಜ ಬಯಲಾಟದವನು. ಸುಗ್ಗಿ ಮುಗಿದ ಮೇಲೆ ಕುಡ್ಲಿಗಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಆಟಗಳಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿ ಕುಣಿದವನು. ಕೀಚಕನ ಪಾತ್ರಕ್ಕೆ ಹೆಸರಾಗಿದ್ದ.

"ನೋಡು ತಮ್ಮಾ, ಇಪ್ಪತ್ತು ವರ್ಷ ಕೀಚಕ ಆಗಿ ಸತ್ತೀನಿ. ಸಾಯೋದು ಸುಳ್ಳು. ಬೀಳೋದು ಸುಳ್ಳೇನು? ಭೀಮನ ಪಾರ್ಟು ಮಾಡೋನು ಕಲಿತೋನಿದ್ದ, ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು ಗೊತ್ತಿತ್ತು. ಅದಕ್ಕೇ ಬದುಕೀನಿ. ಒಂದು ವರ್ಷ ಅವನಿಗೆ ಜ್ವರ ಬಂತು, ತಾಲೀಮಿಗೆ ಬರದೋನೊಬ್ಬನ್ನ ಕುಣಿಸಿದ್ರು. ಅವತ್ತಿಂದು ಇದು" ಎಂದ. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ತಮ್ಮಗೆ ಯಾರು ತಾಲೀಮು ಕೊಟ್ಟಿದ್ರು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನದಿಂದ ನಾನು ಕುಸ್ತಿ ನೋಡುವ ರೀತಿಯೇ ಬದಲಾಯಿತು. ಯಾರು ಗೆದ್ದರು ಎನ್ನುವುದಕ್ಕಿಂತ ಹೇಗೆ ಬಿದ್ದರು ಎಂದು ನೋಡತೊಡಗಿದೆ. ಆ ರಿಂಗಿನ ನೆಲ ಹಾಸಿಗೆಯಲ್ಲ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಫೋಮು, ಮೇಲೊಂದು ಕ್ಯಾನ್ವಾಸು. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಂಡು ತಲೆ ಉಳಿಸಿಕೊಳ್ಳುತ್ತಾನೆ. ಬೆನ್ನನ್ನು ಅಗಲವಾಗಿ ಊರಿ, ಎರಡೂ ಕೈ ಚಾಚಿ, ಏಟನ್ನು ಮೈತುಂಬ ಹಂಚುತ್ತಾನೆ. ಎತ್ತಿ ಎಸೆಯುವವನ ಕೆಲಸ ಎಸೆಯುವುದಷ್ಟೇ ಅಲ್ಲ, ಎದುರಾಳಿಯ ಕತ್ತು ಉಳಿಸುವುದೂ ಅವನದೇ. ಇಬ್ಬರೂ ಮೊದಲೇ ಮಾತಾಡಿಕೊಂಡಿರುತ್ತಾರೆ. ನಡುವೆ ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಸುದ್ದಿ ಮುಟ್ಟಿಸಲು ರೆಫರಿ ಇರುತ್ತಾನೆ. ಇದನ್ನು ಕಲಿಯಲು ವರ್ಷಗಟ್ಟಲೆ ಬೇಕು.

ನಮ್ಮ ಬಯಲಾಟಕ್ಕೂ ಇದಕ್ಕೂ ಎಷ್ಟೊಂದು ಹೋಲಿಕೆ! ಅಲ್ಲಿ ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಹೆಸರು, ಊರು, ಪರಾಕ್ರಮ ವಿಚಾರಿಸುತ್ತಾನೆ. ಇಲ್ಲಿ ಮೈಕು ಹಿಡಿದವನು ಊರು, ತೂಕ ಕೂಗಿ ಹೇಳುತ್ತಾನೆ. ಅಂಡರ್‌ಟೇಕರ್‌ನ ಊರು 'ಸಾವಿನ ಕಣಿವೆ' ಎಂದು ಕೂಗುತ್ತಿದ್ದರು. ಪಾತ್ರ ಮಾಡುತ್ತಿದ್ದ ಮಾರ್ಕ್ ಕ್ಯಾಲವೇ ಟೆಕ್ಸಾಸಿನ ಹ್ಯೂಸ್ಟನ್ನಿನವರು. ಯೊಕೊಜುನಾನನ್ನು ಜಪಾನಿನ ಸುಮೋ ಜಟ್ಟಿ ಎಂದು ತೋರಿಸಿದರು. ಅವರು ಸಮೋವಾ ಮೂಲದ ಅಮೆರಿಕನ್. ಇದರಲ್ಲಿ ಮೋಸವೇನೂ ಇಲ್ಲ. ಹಗಲು ಹೊಲ ಉತ್ತ ಅಜ್ಜ ರಾತ್ರಿ ಕೀಚಕನಾದರೆ ಅದನ್ನು ಯಾರಾದರೂ ಮೋಸ ಎಂದಾರೇ?

ನಮ್ಮ ದೇಶಕ್ಕೂ ಈ ಬಗೆಯ ಕುಸ್ತಿ ಹೊಸದಲ್ಲ. 1968ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ ವಿರುದ್ಧ ದಾರಾ ಸಿಂಗ್ ಗೆದ್ದಾಗ ಜನ ಮುಗಿಬಿದ್ದು ನೋಡಿದರು. ಅದೇ ದಾರಾ ಸಿಂಗ್ ಮುಂದೆ ದೂರದರ್ಶನದ 'ರಾಮಾಯಣ'ದಲ್ಲಿ ಹನುಮಂತನಾದಾಗ, ನಮ್ಮಜ್ಜಿ ಟಿ.ವಿ.ಗೆ ಕೈ ಮುಗಿದಿದ್ದಳು. ಆತ ನಟ ಎಂದು ಅಜ್ಜಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೇ ಮುಗಿದಳು.

ಆದರೆ ಎಷ್ಟೇ ಕಲಿತವರಿರಲಿ, ಎಷ್ಟೇ ಮಾತಾಡಿಕೊಂಡಿರಲಿ, ಮೈ ಮಾತ್ರ ನಿಜವಾದದ್ದು. 1998ರ ಜೂನ್ 28ರಂದು ಪಿಟ್ಸ್‌ಬರ್ಗಿನಲ್ಲಿ ಮಿಕ್ ಫೋಲಿ ಎಂಬಾತ ಎತ್ತರದ ಪಂಜರದ ಮೇಲಿಂದ ಕೆಳಗಿನ ಮೇಜಿನ ಮೇಲೆ ಬಿದ್ದದ್ದು ಯೋಜಿಸಿದ ಬೀಳುವಿಕೆ. ಆಮೇಲೆ ಅದೇ ಪಂಜರದ ಚಾವಣಿ ಕಿತ್ತು ಅವರು ಒಳಗೆ ಬಿದ್ದದ್ದು ಯಾರೂ ಯೋಜಿಸಿದ್ದಲ್ಲ. ಮುಂದಿನ ವರ್ಷ, 1999ರ ಮೇ 23ರಂದು, ಕಾನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದ ಮೂಲಕ ಇಳಿದು ಬರಬೇಕಿತ್ತು. ಕಟ್ಟಿದ್ದ ಕೊಂಡಿ ಬಿಚ್ಚಿಕೊಂಡು ಕೆಳಗೆ ಬಿದ್ದು ತೀರಿಕೊಂಡರು. ಆಗ ಅವರಿಗೆ 34 ವರ್ಷ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಅಲ್ಲಿ ಕೂತಿದ್ದ ಅನೇಕರಿಗೆ ಇದೂ ಆಟದ ಭಾಗವೇ ಏನೋ ಎಂಬ ಅನುಮಾನ. ಇದು ಮನರಂಜನೆಯಲ್ಲ, ನಿಜವಾಗಿ ನಡೆದದ್ದು ಎಂದು ವೀಕ್ಷಕ ವಿವರಣೆ ಹೇಳುವವರು ಮತ್ತೆ ಮತ್ತೆ ಹೇಳಬೇಕಾಯಿತು. ಆ ಸಂಜೆಯ ಕಾರ್ಯಕ್ರಮವನ್ನು ನಿಲ್ಲಿಸದೆ ಮುಂದುವರಿಸಿದರು. ಅಭಿಮಾನಿಯಾದ ನನಗೂ ಅದನ್ನು ಇಂದಿಗೂ ಒಪ್ಪಲಾಗಿಲ್ಲ.

ನಾವು ಹುಡುಗರು ಚಪ್ಪಾಳೆ ತಟ್ಟಿ ನೋಡುತ್ತಿದ್ದ ಕುರ್ಚಿಯ ಏಟಿನ ಕಥೆಯೂ ಹೀಗೆಯೇ. ತಲೆಗೆ ಬಿದ್ದ ಏಟುಗಳು ಮಿದುಳಿಗೆ ಮಾಡುವ ಹಾನಿ ವೈದ್ಯರಿಗೆ ಸ್ಪಷ್ಟವಾಗುತ್ತ ಬಂದ ಮೇಲೆ, 2010ರಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ಸಂಸ್ಥೆಯೇ ನಿಷೇಧಿಸಿತು. ಕಥೆ ಸುಳ್ಳೇ ಆಗಿದ್ದರೂ ತಲೆಬುರುಡೆಗೆ ಅದು ಗೊತ್ತಾಗುವುದಿಲ್ಲವಲ್ಲ!

ಈಗ ಆ ತಾಯಿಗೆ ನಾನು ಕೊಡಬೇಕಾದ ಉತ್ತರಕ್ಕೆ ಬರುತ್ತೇನೆ. ಪಾಲಕರೇ, 'ಅದೆಲ್ಲಾ ಸುಳ್ಳು' ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ನೀವು ಹೇಳುವುದು ಅವರ ಹುಚ್ಚು ಬಿಡಿಸುವುದಕ್ಕೆ. ಅವರಿಗೆ ಕೇಳಿಸುವುದು 'ಹಾಗಾದರೆ ನೋವಾಗುವುದಿಲ್ಲ' ಎಂದು. ನನಗೆ ಕೇಳಿಸಿದ್ದೂ ಅದೇ. ಅದರ ಬದಲು ಒಂದು ಮಂಗಳವಾರ ಪಕ್ಕದಲ್ಲಿ ಕೂತು ನೋಡಿ. "ಅಷ್ಟು ಎತ್ತರದಿಂದ ಬಿದ್ದನಲ್ಲ, ಕತ್ತು ಹೇಗೆ ಉಳಿಸಿಕೊಂಡ?" ಎಂದು ಕೇಳಿ. ಮಗ ನಿಮಗೇ ಪಾಠ ಮಾಡುತ್ತಾನೆ. ಮಾಡುತ್ತ ಮಾಡುತ್ತ, ಇದು ಇಬ್ಬರೂ ಕಲಿತು, ಇಬ್ಬರೂ ಒಪ್ಪಿ ಮಾಡುವ ಕೆಲಸ ಎಂಬುದು ಅವನಿಗೇ ತಿಳಿಯುತ್ತದೆ. ಹಾಗೆಯೇ, ಒಂದು ತಾಸು ಎಂದರೆ ಒಂದೇ ತಾಸು ಎಂದು ನಿಯಮ ಹಾಕಿ. ಪಕ್ಕದಲ್ಲಿ ಕೂತವರ ಮಾತಿಗೆ ದೂರದಿಂದ ಬೈಯುವವರ ಮಾತಿಗಿಂತ ಬೆಲೆ ಹೆಚ್ಚು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಶಾಲೆಯ ಮೈದಾನದಲ್ಲಿ ಚಿಕ್ಕವನೊಬ್ಬನನ್ನು ಹಿಡಿದು ಎತ್ತಿ ಒಗೆದು, "ತಮಾಷೆಗೆ ಮಾಡಿದೆ ಸರ್" ಎನ್ನುತ್ತೀರಲ್ಲ, ಅವನು ಒಪ್ಪಿದ್ದನೇ? ಬೀಳುವುದನ್ನು ಕಲಿತಿದ್ದನೇ? ಇಲ್ಲವೆಂದರೆ ಅದು ಕುಸ್ತಿಯೂ ಅಲ್ಲ, ಆಟವೂ ಅಲ್ಲ, ಬರೀ ಹೊಡೆತ. ಮೈಯಲ್ಲಿ ಕಸುವಿದ್ದರೆ ಗರಡಿಮನೆಯ ಮಣ್ಣಿಗೆ ಇಳಿಯಿರಿ, ಉಸ್ತಾದರ ಕೈಯಲ್ಲಿ ಪಟ್ಟು ಕಲಿಯಿರಿ. ಅಲ್ಲಿಯೂ ಮೊದಲು ಕಲಿಸುವುದು ಬೀಳುವುದನ್ನೇ.

ಮುಂದಿನ ಮಂಗಳವಾರ ಆ ಹುಡುಗನನ್ನು ಕರೆದು, "ಈ ಸಲ ಯಾರು ಗೆದ್ದರಪ್ಪಾ?" ಎಂದೆ. ಮೇಷ್ಟರು ಬಲೆ ಬೀಸುತ್ತಿದ್ದಾರೆ ಎಂದು ಮೊದಲು ಅನುಮಾನಿಸಿದ. ನಾನೂ ನೋಡಿದ್ದೇನೆ ಎಂದು ಗೊತ್ತಾದ ಮೇಲೆ ಬಾಯಿ ಬಿಚ್ಚಿದವನು ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ.

ನನ್ನ ತಮ್ಮ ಈಗ ಬೆಂಗಳೂರಿನಲ್ಲಿದ್ದಾನೆ. ಕೊಟ್ಟೂರೇಶ್ವರನ ತೇರಿಗೆ ವರ್ಷವೂ ತಪ್ಪದೆ ಬರುತ್ತಾನೆ. ಎಲುಬು ಕೂಡಿದ ಜಾಗದಲ್ಲಿ ಸಣ್ಣ ಗಂಟು ಉಳಿದಿದೆ. ಹೋದ ಸಲ ಬಂದಾಗ ಅವನ ಏಳು ವರ್ಷದ ಮಗ ಅದನ್ನು ಮುಟ್ಟಿ, "ಇದೇನಪ್ಪಾ?" ಎಂದು ಕೇಳಿದ. ತಮ್ಮ ನನ್ನ ಕಡೆ ತಿರುಗಿ ನಕ್ಕು, "ದೊಡ್ಡಪ್ಪನ್ನ ಕೇಳು, ಅವರೇ ಹೇಳ್ತಾರೆ" ಎಂದ.

ಹೇಳಿದೆ. ಬಣವೆಯಿಂದ ಹಿಡಿದು ಅಜ್ಜನ ಪಕ್ಕೆಯವರೆಗೆ, ಏನೂ ಬಿಡದೆ ಹೇಳಿದೆ.