ಅಂಗಾಲಿನ ಉರಿ ಮತ್ತು ಮಸೀದಿಯ ಕುರ್ಚಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಓಣಿಯಲ್ಲಿ ಕುಳಿತರೂ ಐವತ್ತು ದಾಟಿದವರ ಮಾತು ಒಂದಲ್ಲ ಒಂದು ಹೊತ್ತಿಗೆ ಸಕ್ಕರೆ ಕಾಯಿಲೆಗೆ ಬಂದು ನಿಲ್ಲುತ್ತದೆ. ಯಾರ ಸಕ್ಕರೆ ಎಷ್ಟಿದೆ, ಯಾರು ಚಹಾಕ್ಕೆ ಸಕ್ಕರೆ ಬಿಟ್ಟರು ಎಂಬುದೆಲ್ಲ ಬಹಿರಂಗ ಚರ್ಚೆ. ಆದರೆ ‘ರಾತ್ರಿ ಅಂಗಾಲಿಗೆ ಕೆಂಡ ಇಟ್ಟಂಗ ಆಗತೈತಿ, ಹೊದಿಕಿ ತಾಗಿದ್ರೂ ತಡಕೊಳ್ಳಾಕ ಆಗಂಗಿಲ್ಲ’ ಎಂಬ ಮಾತು ಮಾತ್ರ ತಗ್ಗಿದ ದನಿಯಲ್ಲಿ ಬರುತ್ತದೆ. ಗಾಯವಿಲ್ಲ, ಬಾವಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣದು. ಮನೆಯವರು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ಕಾಣದ ನೋವನ್ನು ನಂಬುವುದು ನಮಗೆ ಕಷ್ಟ.

ಈ ನೋವಿಗೆ ಸ್ಪಷ್ಟವಾದ ಕಾರಣವಿದೆ. ರಕ್ತದಲ್ಲಿ ವರ್ಷಗಟ್ಟಲೆ ಏರಿ ನಿಂತ ಸಕ್ಕರೆಯು ನರಗಳನ್ನೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳನ್ನೂ ಕೆಡಿಸುತ್ತದೆ. ದೇಹದ ಅತಿ ಉದ್ದದ ನರಗಳು ಪಾದವನ್ನು ತಲಪುವುದರಿಂದ ಹಾನಿಯೂ ಬೆರಳ ತುದಿಯಿಂದಲೇ ಆರಂಭವಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಅನೇಕರ ರಾತ್ರಿಗಳು ಈ ಉರಿಯಲ್ಲೇ ಕಳೆಯುತ್ತವೆ.

ಉರಿಗಿಂತ ದೊಡ್ಡ ಅಪಾಯವೆಂದರೆ ಅದು ತಾನಾಗಿ ನಿಂತುಹೋಗುವುದು. ನೋವು ಹೋಯಿತೆಂದು ಅಲ್ಲಾಹನನ್ನು ಸ್ತುತಿಸಿ ನೆಮ್ಮದಿಯಾಗುವವರಿದ್ದಾರೆ. ಸ್ತುತಿ ಸರಿಯೇ, ನೆಮ್ಮದಿ ಮಾತ್ರ ಅವಸರದ್ದು. ಎಷ್ಟೋ ಬಾರಿ ಹೋಗಿರುವುದು ನೋವನ್ನು ಅರಿಯುವ ಶಕ್ತಿ. ನಮ್ಮ ಎರೆಹೊಲಗಳಲ್ಲಿ ಹತ್ತಿಕಟ್ಟಿಗೆಯ ಕೂಳೆ, ಬದುವಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು. ಅದು ಚುಚ್ಚಿ ಒಳಗೇ ಮುರಿದರೂ ಅರಿವಾಗದು. ಕಾಲಿನಿಂದ ಚಪ್ಪಲಿ ಜಾರಿದ್ದು ಹತ್ತು ಹೆಜ್ಜೆ ನಡೆದ ಮೇಲೆ ತಿಳಿಯುತ್ತದೆ. ರಾಮದುರ್ಗದ ಕಡೆಯ ಕುಣಿಮಗ್ಗದ ನೇಕಾರನಿಗೆ ತಾನು ತುಳಿಯುವ ಹಲಗೆ ಕಾಲಡಿಯಲ್ಲಿದೆಯೋ ಇಲ್ಲವೋ ಎಂಬ ಗೊಂದಲ. ನಮ್ಮ ಜಿಲ್ಲೆಯ ಹೆಮ್ಮೆಯಾದ ಕೊಲ್ಹಾಪುರಿ ಚಪ್ಪಲಿಯ ಹೆಬ್ಬೆರಳ ಉಂಗುರವೂ ಇಂತಹ ಪಾದಕ್ಕೆ ಶತ್ರುವೇ.

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಸೇವೆಗೈದ ಡಾ. ಪಾಲ್ ಬ್ರಾಂಡ್ ಈ ಸತ್ಯವನ್ನು 1940ರ ದಶಕದ ಕೊನೆಯಿಂದಲೇ ಕಂಡುಕೊಂಡರು. ರೋಗವೇ ಬೆರಳುಗಳನ್ನು ತಿನ್ನುತ್ತದೆಂದು ಜನ ನಂಬಿದ್ದರು. ಅರಿವಿಲ್ಲದೆ ಆಗುವ ಗಾಯ, ಸುಟ್ಟಬೊಬ್ಬೆ, ಸೋಂಕುಗಳೇ ಬೆರಳನ್ನು ಕಸಿಯುತ್ತವೆಂದು ಅವರು ತೋರಿಸಿದರು. ಸಂವೇದನೆ ಕಳೆದುಕೊಂಡ ಪಾದಕ್ಕಾಗಿ ಅಲ್ಲಿ ರೂಪುಗೊಂಡ ಮೆತ್ತನೆಯ ರಬ್ಬರ್ ಅಟ್ಟೆಯ ಪಾದರಕ್ಷೆಯನ್ನೇ ಇಂದು ಮಧುಮೇಹಿಗಳಿಗೂ ಸೂಚಿಸುತ್ತಾರೆ.

ಇಲ್ಲಿ ನಮ್ಮ ಮಸೀದಿಗಳ ಮಾತು ಬರುತ್ತದೆ. ದಿನಕ್ಕೆ ಐದು ಬಾರಿ ಪಾದ ತೊಳೆಯುವ ಸಮುದಾಯ ನಮ್ಮದು. ವುಝೂವಿನಲ್ಲಿ ಬೆರಳ ಸಂದುಗಳಿಗೂ ನೀರು ತಲಪಿಸುತ್ತೇವೆ. ಅದೇ ಹೊತ್ತಿಗೆ ಅಂಗಾಲನ್ನು ತಿರುಗಿಸಿ ನೋಡಿದರೆ, ಬಿರುಕು, ಬೊಬ್ಬೆ, ಬಣ್ಣಗೆಟ್ಟ ಚರ್ಮ ಕಣ್ಣಿಗೆ ಬೀಳುತ್ತವೆ. ಬಗ್ಗಲಾಗದವರಿಗೆ ಮಗನೋ ಮೊಮ್ಮಗಳೋ ನೋಡಿ ಹೇಳಬಹುದು. ಆದರೆ ಒದ್ದೆ ಸಂದುಗಳನ್ನು ಒರೆಸದೆ ಬಿಟ್ಟರೆ ಚರ್ಮ ಮೆದುವಾಗಿ ಸೋಂಕು ಹೊಕ್ಕುತ್ತದೆ. ಚಳಿಗಾಲದ ಬಿಸಿನೀರನ್ನು ಪಾದದಿಂದ ಪರೀಕ್ಷಿಸುವುದಂತೂ ಸಲ್ಲದು, ಮೊಣಕೈ ಅದ್ದಿ ನೋಡಬೇಕು. ಏಪ್ರಿಲ್ ತಿಂಗಳ ಜುಮಾದ ದಿನ ಕಾದ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವ ಹಿರಿಯರಿಗೆ ಒಂದು ಚಾಪೆ ಹಾಸುವುದು ಆಡಳಿತ ಸಮಿತಿಗೆ ಎಷ್ಟು ದೊಡ್ಡ ಖರ್ಚು? ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲ ಹರಕೆ ಹೊತ್ತು ಬರುವ ನಮ್ಮ ನೆರೆಯವರ ಪಾದಗಳಿಗೂ ಇದೇ ಎಚ್ಚರಿಕೆ ಬೇಕು. ನರಗಳಿಗೆ ಧರ್ಮದ ಭೇದವಿಲ್ಲ.

ಕುರ್ಚಿಯ ವಿಷಯ ಇನ್ನೂ ಸೂಕ್ಷ್ಮ. ಅತ್ತಹಿಯ್ಯಾತ್‌ಗೆ ಕುಳಿತಾಗ ಬಲಗಾಲ ಬೆರಳುಗಳನ್ನು ಮಡಚಿ ಊರುವುದು ಇವರಿಗೆ ಸಹಿಸಲಾಗದ ಹಿಂಸೆ. ನೆಲ ಎಲ್ಲಿದೆಯೆಂದು ಪಾದ ಹೇಳದಿರುವುದರಿಂದ ಕತ್ತಲಲ್ಲಿ ಫಜ್ರ್‌ಗೆ ಹೊರಟವರು ವಾಲುತ್ತಾರೆ. ಆದರೂ ಗಟ್ಟಿಮುಟ್ಟಾಗಿ ಕಾಣುವವರೊಬ್ಬರು ಕುರ್ಚಿ ಎಳೆದುಕೊಂಡರೆ ಸಫ್‌ನಲ್ಲಿ ಕಣ್ಣುಗಳು ಪರಸ್ಪರ ಮಾತನಾಡುತ್ತವೆ. ಇದಕ್ಕೆ ಅಂಜಿ ಜಮಾಅತ್ ಬಿಟ್ಟವರೂ ಉಂಟು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ) ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸಲು ತಿಳಿಸಿದ್ದರೆಂದು ಬುಖಾರಿಯಲ್ಲಿದೆ. ತಲೆಗೆ ಗಾಯವಾಗಿದ್ದ ಸಹಯಾತ್ರಿಗೆ ರಿಯಾಯಿತಿ ಇಲ್ಲವೆಂದು ಹೇಳಿ ಸ್ನಾನ ಮಾಡಿಸಿ, ಅವರ ಸಾವಿಗೆ ಕಾರಣರಾದವರ ಮೇಲೆ ಪ್ರವಾದಿವರ್ಯರು(ಸ) ಎಷ್ಟು ಕುಪಿತರಾದರೆಂಬ ವರದಿ ಅಬೂದಾವೂದ್‌ನಲ್ಲಿದೆ. ಪಕ್ಕದವನ ಕಾಲಿನ ಬಗ್ಗೆ ತೀರ್ಪು ಕೊಡುವ ಮುನ್ನ ನಾವು ಈ ಎರಡನೆಯದನ್ನು ಓದಿಕೊಳ್ಳಬೇಕಿದೆ.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಔಷಧದಂಗಡಿಯಲ್ಲಿ ಕೇಳಿ ನುಂಗುವ ಸಾಮಾನ್ಯ ನೋವಿನ ಮಾತ್ರೆಗಳು ನರದ ಉರಿಗೆ ಹೆಚ್ಚು ನಾಟುವುದಿಲ್ಲ. ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಪ್ರಿಗಾಬಲಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂತಹ ಬೇರೆ ಔಷಧಗಳಿವೆ. ವೈದ್ಯರ ನಿಗಾದಲ್ಲಿ ಅವು ಅನೇಕರಿಗೆ ನಿದ್ದೆಯನ್ನಾದರೂ ಮರಳಿಸುತ್ತವೆ, ಆದರೆ ಕೆಟ್ಟ ನರವನ್ನು ಸರಿಪಡಿಸುವುದಿಲ್ಲ. ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಜೀವಸತ್ವ ಕುಸಿದು ಇದೇ ಲಕ್ಷಣ ಕಾಣುವುದುಂಟು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ.

ರಾಮದುರ್ಗದಿಂದ ಜಿಲ್ಲಾ ಕೇಂದ್ರ ಸುಮಾರು ನೂರು ಕಿಲೋಮೀಟರ್. ಗಾಯವಿಲ್ಲದ ಕಾಲಿಗಾಗಿ ಕೂಲಿ ಬಿಟ್ಟು ಅಷ್ಟು ದೂರ ಹೋಗೆಂದು ಬಡವನಿಗೆ ಹೇಳುವುದು ಸುಲಭವಲ್ಲ. ಆದರೆ ಮೊದಲ ಪರೀಕ್ಷೆಗೆ ಬೇಕಿರುವುದು ಅಂಗಾಲಿಗೆ ಒತ್ತುವ ಒಂದು ನೈಲಾನ್ ಎಳೆ ಮಾತ್ರ. ರಾಜ್ಯ ಸರಕಾರದ ಗೃಹ ಆರೋಗ್ಯ ಯೋಜನೆಯ ತಪಾಸಣೆಯಲ್ಲಿ ಮಧುಮೇಹಿಗಳ ಪಾದವೂ ಸೇರಿದೆ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದಾಗ ಗಂಡಸರು ಬೆರಳು ಚಾಚಿ ಸಕ್ಕರೆ ನೋಡಿಸಿಕೊಂಡು ಎದ್ದುಬಿಡುತ್ತಾರೆ. ದಿನವಿಡೀ ಒಲೆಯ ಮುಂದೆ ನಿಂತ ತಾಯಂದಿರು ಕಾಲನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಳ್ಳುತ್ತಾರೆ. ಅಮ್ಮಾ, ಕಾಲು ತೋರಿಸಿ ಎಂದು ಮನೆಯ ಮಕ್ಕಳೇ ಆಗ ಒತ್ತಾಯಿಸಬೇಕು.