ಒಂದೆಲಗ: ಎಲೆ ನಮಗೆ, ಬೇರು ಗಿಡಕ್ಕೆ

ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಒಂದೆಲಗವನ್ನು ಯಾರೂ ನೆಡುತ್ತಿರಲಿಲ್ಲ. ಬಾವಿಕಟ್ಟೆಯ ಸುತ್ತ, ಅಡಕೆ ತೋಟದ ಕಣಿಯ ಬದಿಯಲ್ಲಿ ತಾನಾಗಿ ಹಬ್ಬಿರುತ್ತಿತ್ತು. ಬೇಕಾದಾಗ ಬೇರುಸಹಿತ ಕಿತ್ತು ಅರೆಯುವುದು ಸುತ್ತಲಿನ ವಾಡಿಕೆ. ವ್ಯಾಪಾರಕ್ಕಾಗಿ ಪೇಟೆ ಸೇರಿದ ಮೇಲೆ ನಾವು ಅದನ್ನು ಕುಂಡದಲ್ಲಿ ನೆಟ್ಟೆವು. ಕಿತ್ತದ್ದು ಮಾತ್ರ ಹಳೆಯ ರೀತಿಯಲ್ಲೇ. ಎರಡೇ ತಿಂಗಳಲ್ಲಿ ಕುಂಡ ಬರಿದಾಯಿತು. "ಕಂದಮೂಲ ಬಿಟ್ಟ ಮನೆಯವರು ಇದರ ಬೇರನ್ನೇಕೆ ಕೀಳುತ್ತೀರಿ?" ಎಂದರು ನಮ್ಮ ಅಜ್ಜಿ. ನಮಗೆ ನಾಚಿಕೆಯಾಯಿತು.

ತುಳುವಿನ ತಿಮರೆ, ತಮಿಳಿನ ವಲ್ಲಾರೈ, ತೆಲುಗಿನ ಸರಸ್ವತಿ ಆಕು ಎಲ್ಲವೂ ಇದೇ. ಬ್ರಾಹ್ಮಿ ಎಂಬ ಹೆಸರು ಮಾತ್ರ ಎರಡು ಗಿಡಗಳಿಗಿದೆ. ಒಂದೆಲಗಕ್ಕೆ ಉದ್ದ ತೊಟ್ಟಿನ ತುದಿಯಲ್ಲಿ ದುಂಡನೆಯ ಒಂದೊಂದೇ ಎಲೆ. ನೀರುಬ್ರಾಹ್ಮಿಗೆ ಜೋಡಿಯಾಗಿ ಬರುವ ಸಣ್ಣ, ದಪ್ಪ ಎಲೆ. ನೋಡಿ ಕೊಳ್ಳಿರಿ.

ನೆಡಲು ಬೀಜ ಬೇಡ. ಬೇರೊಡೆದ ಗೆಣ್ಣಿನ ಬಳ್ಳಿ ಸಾಕು. ಅಗಲವಾದ, ಅರ್ಧ ಅಡಿ ಆಳದ ಕುಂಡಕ್ಕೆ ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ ತುಂಬಿರಿ. ತಳದಲ್ಲಿ ತೂತಿರಲಿ. ಮಣ್ಣಿನ ತೇವ ಆರಬಾರದು. ಸೊಲ್ಲಾಪುರ, ಆದೋನಿಯಂಥ ಬಿಸಿಲೂರುಗಳಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಹಾಕಿರಿ.

ಚರಂಡಿಯ ಬದಿಯಲ್ಲಿ ಬೆಳೆದದ್ದನ್ನು ತರಬೇಡಿರಿ. ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಈ ಗಿಡ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಹೋಗದು. ಮನೆಯ ಕುಂಡದ ಹಿರಿಮೆ ಇರುವುದು ಇಲ್ಲಿಯೇ.

ಕೊಯ್ಯುವಾಗ ಬಲಿತ ಎಲೆಯನ್ನು ತೊಟ್ಟಿನೊಡನೆ ಕತ್ತರಿಸಿ, ಬಳ್ಳಿಯನ್ನೂ ಎಳೆ ಎಲೆಗಳನ್ನೂ ಬಿಡಿರಿ. ಪ್ರತಿ ಎಲೆಯ ಹಿಂಬದಿಯನ್ನು ಹಗಲು ಬೆಳಕಿನಲ್ಲೇ ನೋಡಿರಿ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಗಿಡಕ್ಕೂ ನಾಲ್ಕು ತಿಂಗಳ ಬಿಡುವು. ಮಳೆಗಾಲದಲ್ಲಿ ಅದು ಚೆನ್ನಾಗಿ ಹಬ್ಬುವುದರಿಂದ ವ್ರತ ಮುಗಿಯುವಾಗ ಕುಂಡ ತುಂಬಿರುತ್ತದೆ.

ಒಂದು ಹಿಡಿ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಈರುಳ್ಳಿ, ಬೆಳ್ಳುಳ್ಳಿಯ ಹಂಗಿಲ್ಲ.

ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳಿಗೆ ಲೋಟಗಟ್ಟಲೆ ರಸ ಕುಡಿಸಬೇಡಿರಿ. ಊಟದಲ್ಲಿ ಆಗಾಗ ಇರುವ ಸೊಪ್ಪಾಗಿಯೇ ಅದು ಚೆಂದ. ಗರ್ಭಿಣಿಯರು ಮತ್ತು ಯಕೃತ್ತಿನ ತೊಂದರೆ ಇರುವವರು ಇದರ ರಸ, ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ನೆರೆಯವರು ಕೇಳಿದರೆ ಬೇರೊಡೆದ ಒಂದು ಗೆಣ್ಣು ಕೊಡಿರಿ. ಕೊಡುವಾಗ ಅಜ್ಜಿಯ ಮಾತನ್ನೂ ಹೇಳಿರಿ.