ಡಿನಾಮಿನೇಟರ್ ಮರೆತ ಲೆಕ್ಕ

ಕಾನ್‌ಸ್ಟಾಂಟಿನ್ ವಾಸಿಲ್ಯೆವ್ ಯಾರು ಅಂತ ಕೇಳಿದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟು ಜನ ಹೇಳ್ತೀವಿ? ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಚಾಂಪಿಯನ್ಸ್ ಲೀಗ್ ನೋಡೋರಿಗೂ ಇದು ಔಟ್ ಆಫ್ ಸಿಲಬಸ್ ಪ್ರಶ್ನೆ. ಅವರು ಎಸ್ಟೋನಿಯಾದ ಮಿಡ್‌ಫೀಲ್ಡರ್. ದೇಶಕ್ಕಾಗಿ 150ಕ್ಕೂ ಹೆಚ್ಚು ಪಂದ್ಯ ಆಡಿದವರು.

ಯಾವುದಾದ್ರೂ ಹೊಸ ಆಟಗಾರನ ಹೆಸರು ಕೇಳಿದ ತಕ್ಷಣ ನಾವು ಮಾಡೋ ಮೊದಲ ಕೆಲಸ ಅವನ ಇನ್‌ಸ್ಟಾ ತೆಗೆಯೋದು. ಫಾಲೋವರ್ಸ್ ಕಮ್ಮಿ ಇದ್ರೆ ‘ಅಷ್ಟೇನಾ?’ ಅಂದು ಮುಂದೆ ಸ್ಕ್ರಾಲ್ ಮಾಡ್ತೀವಿ. ಆಟ ನೋಡೋದೇ ಇಲ್ಲ, ತೀರ್ಪು ಮಾತ್ರ ರೆಡಿ.

ಸ್ವಲ್ಪ ಲೆಕ್ಕ ಹಾಕೋಣ. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಬೆಂಗಳೂರೇ 2011ರ ಜನಗಣತಿಯಲ್ಲಿ 84 ಲಕ್ಷ ದಾಟಿತ್ತು. ಅಲ್ಲಿಯ ಒಬ್ಬ ಆಟಗಾರನನ್ನು ಒಂದು ಲಕ್ಷ ಎಸ್ಟೋನಿಯನ್ನರು ಫಾಲೋ ಮಾಡಿದ್ರೆ, ದೇಶದ 13 ಜನರಲ್ಲಿ ಒಬ್ಬರು ಅವನ ಹಿಂದಿದ್ದಾರೆ ಅಂತ ಅರ್ಥ. ರೊನಾಲ್ಡೊಗೆ ಇನ್‌ಸ್ಟಾದಲ್ಲಿ 60 ಕೋಟಿಗೂ ಹೆಚ್ಚು ಫಾಲೋವರ್ಸ್ ಇದ್ದಾರೆ, ಆದ್ರೆ ಅವರಿಗಿರೋ ಮಾರ್ಕೆಟ್ ಇಡೀ ಪ್ರಪಂಚ. ಡಿನಾಮಿನೇಟರ್ ಇಲ್ಲದೆ ಎರಡು ಸಂಖ್ಯೆ ಹೋಲಿಸಿದ್ರೆ ಲ್ಯಾಬ್ ರೆಕಾರ್ಡಲ್ಲಿ ನಮಗೇ ಕೆಂಪು ಗೀಟು ಬೀಳುತ್ತೆ. ಫುಟ್‌ಬಾಲ್‌ನಲ್ಲಿ ಮಾತ್ರ ಅದು ಹೇಗೆ ಸರಿ?

ವಾಸಿಲ್ಯೆವ್ ಆಡಿದ್ದಾದ್ರೂ ಎಲ್ಲಿ? ಸ್ವದೇಶ ಬಿಟ್ಟರೆ ಸ್ಲೊವೇನಿಯಾ, ರಷ್ಯಾ, ಪೋಲೆಂಡ್‌ನ ಲೀಗ್‌ಗಳಲ್ಲಿ. ನಮ್ಮ ಫೀಡ್‌ಗೆ ಆ ಲೀಗ್‌ಗಳ ಕ್ಲಿಪ್ ಬರೋದೇ ಅಪರೂಪ. ಯೂರೋ 2012ರ ಅರ್ಹತಾ ಸುತ್ತಿನಲ್ಲಿ ಎಸ್ಟೋನಿಯಾ ತನ್ನ ಗುಂಪಲ್ಲಿ ಇಟಲಿಯ ನಂತರ ಎರಡನೇ ಸ್ಥಾನ ಪಡೆಯಿತು. ಹಿಂದೆ ಉಳಿದ ಸರ್ಬಿಯಾ, ಸ್ಲೊವೇನಿಯಾ ಎರಡೂ 2010ರ ವಿಶ್ವಕಪ್ ಆಡಿದ ತಂಡಗಳು. ಪ್ಲೇ-ಆಫ್‌ನಲ್ಲಿ ಐರ್ಲೆಂಡ್ ಎದುರು ತಾಲಿನ್‌ನಲ್ಲಿ 0-4 ಸೋಲು. ಎಲ್ಲಾ ಮುಗಿದಿದ್ದರೂ ಡಬ್ಲಿನ್‌ನ ಎರಡನೇ ಪಂದ್ಯವನ್ನು 1-1 ಡ್ರಾ ಮಾಡಿಕೊಂಡರು, ಗೋಲು ಹೊಡೆದದ್ದು ಇದೇ ವಾಸಿಲ್ಯೆವ್. ಇದನ್ನೆಲ್ಲ ಯಾವ ಫಾಲೋವರ್ ಕೌಂಟ್ ಹೇಳುತ್ತೆ?

‘ಸ್ಪಾನ್ಸರ್ ನೋಡೋದು ಸಂಖ್ಯೆನೇ ತಾನೆ?’ ಅನ್ನಬಹುದು. ನಿಜ, ಶೂ ಮಾರೋರಿಗೆ ಬೇಕಾಗಿರೋದು ಎಷ್ಟು ಕಣ್ಣು ಅನ್ನೋದೇ. ಆದ್ರೆ ನಾವು ಶೂ ಮಾರ್ತಾ ಇಲ್ವಲ್ಲ, ಆಟ ನೋಡೋಕೆ ಕೂತಿದ್ದೀವಿ.

ಇನ್ನೊಂದು ಮಾತು: ಸಂಖ್ಯೆ ದೊಡ್ಡದಿದ್ದರೂ ಆಟ ಉಳಿಯುತ್ತೆ ಅಂತೇನಿಲ್ಲ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಗೊತ್ತಿಲ್ಲದೋರು ನಮ್ಮಲ್ಲಿ ಯಾರೂ ಇಲ್ಲ. ಅಂಥವರೇ 2018ರ ಜೂನ್‌ನಲ್ಲಿ, ಮುಂಬೈಯಲ್ಲಿ ಭಾರತ 5-0 ಗೆದ್ದ ಪಂದ್ಯಕ್ಕೂ ಜನ ಬಾರದಿದ್ದಾಗ, ಬೈಯೋದಾದ್ರೂ ಸ್ಟೇಡಿಯಂಗೆ ಬಂದು ಬೈಯಿರಿ ಅನ್ನೋ ಧಾಟಿಯಲ್ಲಿ ವಿಡಿಯೋ ಮಾಡಿ ಕೇಳಿಕೊಳ್ಳಬೇಕಾಯ್ತು. ಮುಂದಿನ ಕೀನ್ಯಾ ಪಂದ್ಯದ ಟಿಕೆಟ್ ಪೂರ್ತಿ ಖಾಲಿಯಾಯ್ತು. ಅಂದ್ರೆ ಆನ್‌ಲೈನ್ ಪ್ರೀತಿ ಸುಳ್ಳಲ್ಲ. ಅದು ಫೋನಿಂದ ಎದ್ದು ಗ್ಯಾಲರಿ ತನಕ ನಡೆದು ಬರಬೇಕು, ಅಷ್ಟೆ.

ಹಾಗಾಗಿ ನಮ್ಮ ಸಲಹೆ ಸಿಂಪಲ್. ಒಬ್ಬ ಆಟಗಾರನ ಬಗ್ಗೆ ಕಾಮೆಂಟ್ ಹಾಕೋ ಮುಂಚೆ ಅವನ ಒಂದು ಪಂದ್ಯವನ್ನಾದ್ರೂ 90 ನಿಮಿಷ ಪೂರ್ತಿ ನೋಡೋಣ, ಮೂವತ್ತು ಸೆಕೆಂಡಿನ ಎಡಿಟ್ ಅಲ್ಲ. ಕಂಠೀರವದಲ್ಲಿ ಮ್ಯಾಚ್ ಇದ್ದಾಗ ಗ್ಯಾಂಗ್ ಕಟ್ಕೊಂಡು ಹೋಗೋಣ. ಫಾಲೋ ಬಟನ್ ಎಲ್ಲೂ ಹೋಗಲ್ಲ, ಬಂದ ಮೇಲೆ ಒತ್ತಿದರಾಯ್ತು.